ಅಣು, ಮೋಲ್, ಗ್ರಾಂ: ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ

ಹಾರ್ಡ್‌ವೇರ್ ಅಂಗಡಿಗೆ ಹೋಗಿ 800 ಮೊಳೆ ಬೇಕು ಎಂದು ಕೇಳಿ. ಅಂಗಡಿಯವರು ಒಂದೊಂದಾಗಿ ಎಣಿಸುತ್ತಾ ಕೂರುವುದಿಲ್ಲ. ಹತ್ತು ಮೊಳೆ ತಕ್ಕಡಿಗೆ ಹಾಕುತ್ತಾರೆ. 25 ಗ್ರಾಂ ಬಂತು ಅಂದುಕೊಳ್ಳಿ. ಹಾಗಾದರೆ ಒಂದು ಮೊಳೆ 2.5 ಗ್ರಾಂ, 800 ಮೊಳೆ 2 ಕೆಜಿ. ಎರಡು ಕೆಜಿ ತೂಗಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಎಣಿಸುವ ಕೆಲಸವನ್ನು ತಕ್ಕಡಿಯೇ ಮಾಡಿತು, ಅಲ್ವಾ?

ರಸಾಯನಶಾಸ್ತ್ರದ ಮೋಲ್ ಲೆಕ್ಕವೂ ಇದೇ. ಅಣುಗಳು ಕಣ್ಣಿಗೆ ಕಾಣುವುದಿಲ್ಲ. ಎಣಿಸಲು ಸಾಧ್ಯವೇ ಇಲ್ಲ. ಆದರೆ ಅವುಗಳ ಗುಡ್ಡೆಯನ್ನು ತೂಗಬಹುದು. ಒಂದರ ತೂಕ ಗೊತ್ತಿದ್ದರೆ ಗುಡ್ಡೆಯಲ್ಲಿ ಎಷ್ಟಿವೆ ಎಂದು ಹೇಳಬಹುದು. ಮಕ್ಕಳು ಇದನ್ನು ಮೂರು ನಾಲ್ಕು ಸೂತ್ರಗಳಾಗಿ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಎಂದು ಗೊಂದಲವಾಗಿ ಕೂರುತ್ತಾರೆ. ಆ ಭಯ ಹೋಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಪೆನ್ನು ಕಾಗದ ಇಟ್ಟುಕೊಂಡು ಓದಿ.

ಮೊದಲು ಎರಡು ಪದ ಸರಿ ಮಾಡಿಕೊಳ್ಳೋಣ

ಕನ್ನಡದಲ್ಲಿ ಓದುವವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ದಿನಬಳಕೆಯಲ್ಲಿ ನಾವು ಅಣುಬಾಂಬು, ಅಣುಸ್ಥಾವರ ಎನ್ನುತ್ತೇವೆ. ಅಲ್ಲಿ 'ಅಣು' ಎಂದರೆ ನಿಜವಾಗಿ ಪರಮಾಣು. ರಸಾಯನಶಾಸ್ತ್ರದ ಪುಸ್ತಕದಲ್ಲಿ ಹಾಗಲ್ಲ. ಅಲ್ಲಿ ಪರಮಾಣು ಎಂದರೆ ಒಂದೇ ಒಂದು ಬಿಡಿ ಕಣ. ಎರಡು ಅಥವಾ ಹೆಚ್ಚು ಪರಮಾಣುಗಳು ಕೈಹಿಡಿದು ಒಟ್ಟಾಗಿದ್ದರೆ ಅದು ಅಣು. ನೀರಿನ ಒಂದು ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು. ಈ ವ್ಯತ್ಯಾಸ ಮರೆತರೆ ಉತ್ತರ ಸೀದಾ ಮೂರು ಪಟ್ಟು ತಪ್ಪಾಗುತ್ತದೆ.

ಇನ್ನೊಂದು 'ರಾಶಿ'. ನಮಗೆ ರಾಶಿ ಎಂದರೆ ಕಣದಲ್ಲಿ ಹಾಕಿದ ಭತ್ತದ ರಾಶಿ. ಪುಸ್ತಕದಲ್ಲಿ ಅದು ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಎಂಬ ಅಳತೆ. ಈ ಲೆಕ್ಕಗಳಲ್ಲಿ ಅದನ್ನು ಗ್ರಾಂನಲ್ಲಿ ಹೇಳುತ್ತೇವೆ. ಒಂದು ಸಂತೋಷದ ಸಂಗತಿ ಹೇಳಲೇಬೇಕು. 'ಮೋಲ್' ಎಂಬ ಪದ ಹುಟ್ಟಿದ್ದು ಲ್ಯಾಟಿನ್‌ನ 'ಮೋಲೆಸ್'ನಿಂದ. ಅದರ ಅರ್ಥವೂ ದೊಡ್ಡ ಗುಡ್ಡೆ, ರಾಶಿ! 1890ರ ದಶಕದಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಈ ಪದವನ್ನು ಬಳಕೆಗೆ ತಂದರು.

ಮೋಲ್ ಎಂದರೆ ಎಷ್ಟು?

ಡಜನ್ ಎಂದರೆ 12. ಮೋಲ್ ಎಂದರೆ 6.02214076 × 10²³. ಅಷ್ಟೇ. ಡಜನ್ ಬಾಳೆಹಣ್ಣು ಇದ್ದ ಹಾಗೆ ಒಂದು ಮೋಲ್ ನೀರು, ಒಂದು ಮೋಲ್ ಸಕ್ಕರೆ. ನಾವು ಲೆಕ್ಕದಲ್ಲಿ 6.022 × 10²³ ಎಂದು ತೆಗೆದುಕೊಂಡರೆ ಸಾಕು. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಸುಮಾರು 602 ಕೋಟಿ ಕೋಟಿ ಕೋಟಿ. ಮೂರು ಸಲ ಕೋಟಿ. ನಾನು ಹೀಗೆ ಹೇಳಿದಾಗಲೇ ಮಕ್ಕಳ ಕಣ್ಣು ಅರಳುವುದು.

ಇದಕ್ಕೆ ಅವೊಗಾಡ್ರೊ ಸಂಖ್ಯೆ ಎಂಬ ಹೆಸರಿದೆ. ಇಟಲಿಯ ಅಮೆಡಿಯೊ ಅವೊಗಾಡ್ರೊ 1811ರಲ್ಲಿ ಒಂದು ಮಾತು ಹೇಳಿದರು: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ಆದರೆ ಆ ಸಂಖ್ಯೆ ಎಷ್ಟೆಂದು ಅವರಿಗೆ ಗೊತ್ತಿರಲಿಲ್ಲ. 1856ರಲ್ಲಿ ಅವರು ತೀರಿಕೊಂಡರು. 1865ರಲ್ಲಿ ಯೋಹಾನ್ ಲೋಶ್ಮಿಟ್ ಅಣುವಿನ ಗಾತ್ರ ಅಂದಾಜು ಮಾಡಿದ ಮೇಲೆ ಸಂಖ್ಯೆ ಹುಡುಕುವ ದಾರಿ ತೆರೆಯಿತು. ಫ್ರಾನ್ಸಿನ ಜ್ಯಾಂ ಪೆರಾಂ 1909ರಲ್ಲಿ ಅದಕ್ಕೆ ಅವೊಗಾಡ್ರೊ ಹೆಸರಿಟ್ಟರು.

ಹಳೆಯ ಪುಸ್ತಕದಲ್ಲಿ 'ಕಾರ್ಬನ್-12ರ 12 ಗ್ರಾಂನಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು' ಎಂದು ಓದಿರುತ್ತೀರಿ. 2019ರ ಮೇ 20ರಿಂದ ಆ ವ್ಯಾಖ್ಯೆ ಬದಲಾಗಿದೆ. ಈಗ ಸಂಖ್ಯೆಯನ್ನೇ ನೇರವಾಗಿ ನಿಗದಿ ಮಾಡಿದ್ದಾರೆ. ನಮ್ಮ ಲೆಕ್ಕಕ್ಕೆ ಎರಡರಿಂದಲೂ ಒಂದೇ ಉತ್ತರ.

ಮೊದಲ ಹೆಜ್ಜೆ: ಮೋಲಾರ್ ರಾಶಿ ಕಂಡುಹಿಡಿಯಿರಿ

ಒಂದು ಮೋಲ್ ವಸ್ತು ಎಷ್ಟು ಗ್ರಾಂ ತೂಗುತ್ತದೆ? ಅದೇ ಮೋಲಾರ್ ರಾಶಿ. ಆವರ್ತಕ ಕೋಷ್ಟಕದಲ್ಲಿ ಪ್ರತಿ ಧಾತುವಿನ ಮನೆಯಲ್ಲೂ ಪರಮಾಣು ರಾಶಿ ಇರುತ್ತದೆ. ಹೈಡ್ರೋಜನ್ 1.008, ಕಾರ್ಬನ್ 12.01, ನೈಟ್ರೋಜನ್ 14.01, ಆಕ್ಸಿಜನ್ 16.00. ಈ ಸಂಖ್ಯೆಯ ಮುಂದೆ 'ಗ್ರಾಂ' ಎಂದು ಬರೆದರೆ ಅದೇ ಒಂದು ಮೋಲ್ ಪರಮಾಣುಗಳ ರಾಶಿ.

ಹೇಗೆ ಅಷ್ಟು ಸುಲಭವಾಗಿ? ಮೊಳೆಗೇ ವಾಪಸ್ ಹೋಗೋಣ. ದೊಡ್ಡ ಮೊಳೆ ಸಣ್ಣ ಮೊಳೆಯ ಎರಡರಷ್ಟು ತೂಕ ಇದ್ದರೆ, 1 ಕೆಜಿ ಸಣ್ಣ ಮೊಳೆಯಲ್ಲೂ 2 ಕೆಜಿ ದೊಡ್ಡ ಮೊಳೆಯಲ್ಲೂ ಸಂಖ್ಯೆ ಒಂದೇ. ಕಾರ್ಬನ್ ಪರಮಾಣು ಹೈಡ್ರೋಜನ್‌ನ ಸುಮಾರು 12 ಪಟ್ಟು ಭಾರ. ಹಾಗಾಗಿ 1 ಗ್ರಾಂ ಹೈಡ್ರೋಜನ್‌ನಲ್ಲಿ ಎಷ್ಟು ಪರಮಾಣು ಇವೆಯೋ, 12 ಗ್ರಾಂ ಕಾರ್ಬನ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇವೆ. ಆ 'ಅಷ್ಟೇ' ಎಂಬುದೇ ಮೋಲ್.

ಅಣುವಾದರೆ ಒಳಗಿರುವ ಪರಮಾಣುಗಳನ್ನೆಲ್ಲ ಕೂಡಿಸಿ.

ನೀರು: (2 × 1.008) + 16.00 = 18.02 ಗ್ರಾಂ
ಅಮೋನಿಯಾ (1 ನೈಟ್ರೋಜನ್, 3 ಹೈಡ್ರೋಜನ್): 14.01 + (3 × 1.008) = 17.03 ಗ್ರಾಂ
ಸಕ್ಕರೆ (12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್): 144.12 + 22.18 + 176.00 = 342.3 ಗ್ರಾಂ

ಇಲ್ಲಿ ಎರಡು ಕಡೆ ಜಾರುತ್ತೇವೆ. ಆಕ್ಸಿಜನ್ ಅನಿಲ ಎಂದರೆ ಪರಮಾಣುಗಳು ಜೋಡಿಯಾಗಿ ಇರುತ್ತವೆ. ಆದ್ದರಿಂದ ಒಂದು ಮೋಲ್ ಆಕ್ಸಿಜನ್ ಅನಿಲ 32 ಗ್ರಾಂ, 16 ಅಲ್ಲ. ಹೈಡ್ರೋಜನ್, ನೈಟ್ರೋಜನ್, ಕ್ಲೋರಿನ್ ಅನಿಲಗಳಿಗೂ ಹೀಗೆಯೇ. ಇನ್ನೊಂದು, ಸೂತ್ರದಲ್ಲಿ ಕಂಸ ಬಂದಾಗ ಹೊರಗಿನ ಸಂಖ್ಯೆಯಿಂದ ಕಂಸದ ಒಳಗಿರುವ ಎಲ್ಲವನ್ನೂ ಗುಣಿಸಬೇಕು. ಅರಳಿಸಿದ ಸುಣ್ಣದ ಸೂತ್ರ Ca(OH)₂. ಅದರಲ್ಲಿ ಒಂದು ಕ್ಯಾಲ್ಸಿಯಂ, ಎರಡು ಆಕ್ಸಿಜನ್, ಎರಡು ಹೈಡ್ರೋಜನ್. ಆಕ್ಸಿಜನ್ ಒಂದೇ ಎಂದು ಎಣಿಸಿ ಮುಂದೆ ಹೋಗುವವರು ಜಾಸ್ತಿ. ಇಲ್ಲಿ ತಪ್ಪಿದರೆ ಮುಂದಿನ ಹೆಜ್ಜೆ ಎಷ್ಟೇ ಸರಿಯಾಗಿದ್ದರೂ ಉತ್ತರ ಬರುವುದಿಲ್ಲ. ಮೋಲಾರ್ ರಾಶಿಯನ್ನು ಎರಡು ಸಲ ಕೂಡಿಸಿ ನೋಡಿ.

ಎರಡನೇ ಹೆಜ್ಜೆ: ದಾರಿಯನ್ನು ಚಿತ್ರವಾಗಿ ಬರೆದುಕೊಳ್ಳಿ

ಗ್ರಾಂ ⇄ ಮೋಲ್ ⇄ ಅಣುಗಳ ಸಂಖ್ಯೆ

ಮೋಲ್ ನಡುವಿನ ಬಸ್ ಸ್ಟ್ಯಾಂಡ್. ಗ್ರಾಂ ಊರಿನಿಂದ ಅಣುಗಳ ಊರಿಗೆ ನೇರ ಬಸ್ ಇಲ್ಲ. ಮೋಲ್‌ನಲ್ಲಿ ಇಳಿದು ಬಸ್ ಬದಲಾಯಿಸಲೇಬೇಕು. ಎಡಗಡೆಯ ಬಸ್ಸಿನ ಟಿಕೆಟ್ ಮೋಲಾರ್ ರಾಶಿ. ಬಲಗಡೆಯ ಬಸ್ಸಿನ ಟಿಕೆಟ್ ಅವೊಗಾಡ್ರೊ ಸಂಖ್ಯೆ. ಎಡಗಡೆಯ ಟಿಕೆಟ್ ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ. ಬಲಗಡೆಯದು ಯಾವತ್ತೂ ಒಂದೇ.

ಗುಣಿಸಬೇಕೋ ಭಾಗಿಸಬೇಕೋ? ಮೋಲ್ ಬಿಟ್ಟು ಹೊರಡುವಾಗ ಗುಣಿಸಿ. ಮೋಲ್‌ಗೆ ಬರುವಾಗ ಭಾಗಿಸಿ. ನಾಲ್ಕು ಸೂತ್ರದ ಬದಲು ಈ ಒಂದು ಸಾಲು ಸಾಕು. ಇದಕ್ಕೆ ಕಾರಣವೂ ಇದೆ. ಒಂದು ಮೋಲ್ ಎಂದರೆ ಬಹಳ ಗ್ರಾಂ, ಅದಕ್ಕಿಂತಲೂ ಬಹಳ ಬಹಳ ಅಣು. ಡಜನ್‌ನಿಂದ ಬಿಡಿ ಹಣ್ಣಿಗೆ ಹೋಗುವಾಗ 12ರಿಂದ ಗುಣಿಸುತ್ತೇವೆ, ಬಿಡಿ ಹಣ್ಣನ್ನು ಡಜನ್ ಮಾಡುವಾಗ ಭಾಗಿಸುತ್ತೇವೆ. ಅದೇ ಬುದ್ಧಿ ಇಲ್ಲಿಯೂ.

ಒಂದು ಹನಿ ನೀರಿನಲ್ಲಿ ಎಷ್ಟು ಅಣು?

ಡ್ರಾಪರ್‌ನಿಂದ ಬೀಳುವ ಸುಮಾರು 20 ಹನಿ ಸೇರಿದರೆ 1 ಮಿಲಿ. ಒಂದು ಹನಿ 0.05 ಮಿಲಿ. ನೀರು 1 ಮಿಲಿಗೆ 1 ಗ್ರಾಂ ಇರುವುದರಿಂದ ಹನಿಯ ರಾಶಿ 0.05 ಗ್ರಾಂ. ಗ್ರಾಂ ಊರಿನಲ್ಲಿದ್ದೇವೆ. ಮೊದಲು ಮೋಲ್‌ಗೆ ಬರಬೇಕು, ಆದ್ದರಿಂದ ಭಾಗಾಕಾರ.

0.05 ಗ್ರಾಂ ÷ 18.02 ಗ್ರಾಂ/ಮೋಲ್ = 2.775 × 10⁻³ ಮೋಲ್

ಈಗ ಮೋಲ್ ಬಿಟ್ಟು ಹೊರಡುತ್ತೇವೆ. ಗುಣಾಕಾರ.

2.775 × 10⁻³ ಮೋಲ್ × 6.022 × 10²³ ಅಣು/ಮೋಲ್ = 1.67 × 10²¹ ಅಣು

ಅಂದರೆ 1.67 ಕೋಟಿ ಕೋಟಿ ಕೋಟಿ ಅಣುಗಳು, ಒಂದೇ ಹನಿಯಲ್ಲಿ. ಭೂಮಿಯ ಸುಮಾರು 800 ಕೋಟಿ ಜನರೂ ಸೇರಿ, ಊಟ ನಿದ್ದೆ ಬಿಟ್ಟು, ಸೆಕೆಂಡಿಗೆ ಒಂದರಂತೆ ಎಣಿಸಿದರೂ 6,600 ವರ್ಷ ಬೇಕು. ತಕ್ಕಡಿಯಲ್ಲಿ ಅದು ಒಂದು ಕ್ಷಣದ ಕೆಲಸ. ನನಗೆ ಈ ವಿಷಯ ಎಷ್ಟು ಸಲ ಹೇಳಿದರೂ ಬೇಸರ ಬರುವುದಿಲ್ಲ.

ಮೇಲಿನ ಸಾಲುಗಳಲ್ಲಿ ಏಕಮಾನಗಳನ್ನು ಗಮನಿಸಿದಿರಾ? ಗ್ರಾಂಗೆ ಗ್ರಾಂ ಹೊಡೆದುಹೋಯಿತು, ಮೋಲ್ ಉಳಿಯಿತು. ಮುಂದೆ ಮೋಲ್‌ಗೆ ಮೋಲ್ ಹೊಡೆದುಹೋಯಿತು, ಅಣು ಉಳಿಯಿತು. ಪ್ರತಿ ಸಂಖ್ಯೆಯ ಪಕ್ಕ ಏಕಮಾನ ಬರೆಯುವುದು ಸಮಯ ಹಾಳು ಎಂದು ಬಹಳ ಜನ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ತಪ್ಪಿ ಗುಣಿಸಿದ್ದರೆ 'ಗ್ರಾಂ × ಗ್ರಾಂ/ಮೋಲ್' ಎಂದು ಅರ್ಥವಿಲ್ಲದ್ದು ಬರುತ್ತದೆ. ಅಲ್ಲೇ ಗೊತ್ತಾಗಿಬಿಡುತ್ತದೆ.

ಹಿಂದಕ್ಕೆ ಬರುವ ದಾರಿ

1.5 × 10²⁴ ಅಮೋನಿಯಾ ಅಣುಗಳ ರಾಶಿ ಎಷ್ಟು? ಈಗ ಬಲಗಡೆಯ ಊರಿನಿಂದ ಹೊರಟಿದ್ದೇವೆ.

(1.5 × 10²⁴) ÷ (6.022 × 10²³) = 0.2491 × 10¹ = 2.491 ಮೋಲ್
2.491 × 17.03 = 42.4 ಗ್ರಾಂ

ಸಿಇಟಿ, ನೀಟ್ ಪರೀಕ್ಷೆಗಳಲ್ಲಿ ಕ್ಯಾಲ್ಕ್ಯುಲೇಟರ್ ಇಲ್ಲ. ಆದ್ದರಿಂದ ಹತ್ತರ ಘಾತಗಳನ್ನು ಬೇರೆ, ಮುಂದಿನ ಅಂಕಿಗಳನ್ನು ಬೇರೆ ಮಾಡಿ ಲೆಕ್ಕ ಹಾಕಿ. ಗುಣಿಸುವಾಗ ಘಾತ ಕೂಡಿಸಿ, ಭಾಗಿಸುವಾಗ ಕಳೆಯಿರಿ. ಇಲ್ಲಿ 24ರಿಂದ 23 ಕಳೆದರೆ 1. ಮನೆಯಲ್ಲಿ ಕ್ಯಾಲ್ಕ್ಯುಲೇಟರ್ ಬಳಸುವವರಿಗೆ ಒಂದು ಮಾತು: 'ಎಕ್ಸ್‌ಪಿ' ಗುಂಡಿಯ ಅರ್ಥವೇ '× 10ರ ಘಾತ'. ಆದ್ದರಿಂದ 6.022 ಒತ್ತಿ, ಆ ಗುಂಡಿ ಒತ್ತಿ, 23 ಒತ್ತಿ. ನಡುವೆ ಮತ್ತೆ '× 10' ಎಂದು ಒತ್ತಿದರೆ ಉತ್ತರ ಹತ್ತು ಪಟ್ಟು ಏರಿಬಿಡುತ್ತದೆ.

ಒಂದೇ ಅಣುವಿನ ರಾಶಿ ಕೇಳಿದರೂ ಇದೇ ದಾರಿ. ನೀರಿಗೆ 18.02 ÷ (6.022 × 10²³) = 2.99 × 10⁻²³ ಗ್ರಾಂ. ಘಾತದ ಮುಂದೆ ಋಣ ಚಿಹ್ನೆ ಬಂತು. ಬರಲೇಬೇಕು. ಒಂದು ಅಣುವಿನ ರಾಶಿ 10²³ ಗ್ರಾಂ ಎಂದು ಬಂದರೆ ಎಲ್ಲೋ ಭಾಗಿಸುವ ಬದಲು ಗುಣಿಸಿದ್ದೀರಿ.

ಅಣುವಿನ ಒಳಗೆ ಇಳಿಯಬೇಕಾದಾಗ

ಒಂದು ಚಮಚ ಸಕ್ಕರೆ, 5 ಗ್ರಾಂ. ಅದರಲ್ಲಿ ಎಷ್ಟು ಆಕ್ಸಿಜನ್ ಪರಮಾಣು? ಪ್ರಶ್ನೆಯಲ್ಲಿ 'ಪರಮಾಣು' ಎಂದು ಕಂಡ ತಕ್ಷಣ ಇನ್ನೊಂದು ಹೆಜ್ಜೆ ಇದೆ ಎಂದು ತಿಳಿಯಿರಿ.

5 ÷ 342.3 = 0.01461 ಮೋಲ್ ಸಕ್ಕರೆ
0.01461 × 6.022 × 10²³ = 8.80 × 10²¹ ಸಕ್ಕರೆ ಅಣು
8.80 × 10²¹ × 11 = 9.68 × 10²² ಆಕ್ಸಿಜನ್ ಪರಮಾಣು

ಕೊನೆಯ 11 ಬಂದದ್ದು ಅಣುಸೂತ್ರದಿಂದ. ಕಾರ್ಬನ್ ಎಷ್ಟು ಗ್ರಾಂ ಎಂದು ಕೇಳಿದರೆ ಅಣುಗಳ ಊರಿಗೆ ಹೋಗಲೇಬೇಕಿಲ್ಲ. ಮೋಲ್‌ನಲ್ಲೇ 12ರಿಂದ ಗುಣಿಸಿ, 0.1753 ಮೋಲ್ ಕಾರ್ಬನ್. ಅದನ್ನು 12.01ರಿಂದ ಗುಣಿಸಿದರೆ 2.1 ಗ್ರಾಂ. ಪಾಕ ಮಾಡುವಾಗ ಮರೆತರೆ ಬಾಣಲೆಗೆ ಕಪ್ಪಗೆ ಅಂಟಿಕೊಳ್ಳುತ್ತದಲ್ಲ, ಅದು ಬಹುತೇಕ ಈ ಕಾರ್ಬನ್.

ಅಡುಗೆ ಉಪ್ಪಿಗೆ ಮಾತ್ರ ಒಂದು ಎಚ್ಚರಿಕೆ. ಉಪ್ಪಿನ ಹರಳಿನಲ್ಲಿ ಬಿಡಿ ಅಣುಗಳೇ ಇಲ್ಲ. ಸೋಡಿಯಂ ಅಯಾನು, ಕ್ಲೋರೈಡ್ ಅಯಾನು (ವಿದ್ಯುತ್ ಆವೇಶ ಇರುವ ಕಣಗಳು) ಸಾಲುಸಾಲಾಗಿ ಕೂತಿರುತ್ತವೆ. ಆದ್ದರಿಂದ ಅಲ್ಲಿ 'ಸೂತ್ರ ಘಟಕ' ಎನ್ನುತ್ತೇವೆ. ಲೆಕ್ಕದ ದಾರಿ ಬದಲಾಗುವುದಿಲ್ಲ, ಮೋಲಾರ್ ರಾಶಿ 58.44 ಗ್ರಾಂ.

ತೋಟದ ಲೆಕ್ಕ: ಒಂದು ಕೆಜಿಗೆ ಒಂದು ಕೆಜಿ ಸಮ ಅಲ್ಲ

ಮಲೆನಾಡು, ಕರಾವಳಿಯ ಅಡಿಕೆ ತೋಟದವರಿಗೆ ಮೈಲುತುತ್ತ ಹೊಸದಲ್ಲ. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ನನಗೆ ಮೋಲ್ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಆದರೆ ನೀಲಿ ಹರಳಿನ ಒಳಗೆ ಪ್ರತಿ ಸೂತ್ರ ಘಟಕಕ್ಕೆ ಐದು ನೀರಿನ ಅಣುಗಳು ಕೂತಿವೆ. ಅದನ್ನು ಬಿಡದೆ ಕೂಡಿಸಬೇಕು.

ತಾಮ್ರ 63.55 + ಗಂಧಕ 32.06 + ನಾಲ್ಕು ಆಕ್ಸಿಜನ್ 64.00 = 159.6
ಐದು ನೀರು: 5 × 18.02 = 90.1
ಒಟ್ಟು 249.7 ಗ್ರಾಂ

1000 ÷ 249.7 = 4.0 ಮೋಲ್. ಒಂದು ಕೆಜಿ ಮೈಲುತುತ್ತ ಎಂದರೆ 4 ಮೋಲ್. ಅದರೊಳಗಿನ ತಾಮ್ರ 4.0 × 63.55, ಅಂದರೆ ಸುಮಾರು 254 ಗ್ರಾಂ. ನೀರು 4.0 × 90.1, ಅಂದರೆ ಸುಮಾರು 360 ಗ್ರಾಂ! ಒಣಗಿದಂತೆ ಕಾಣುವ ಹರಳಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ನೀರು.

ಈಗ ಸುಣ್ಣ. ಶುದ್ಧವಾದ ಸುಟ್ಟ ಸುಣ್ಣ ಎಂದಿಟ್ಟುಕೊಂಡರೆ ಅದು ಕ್ಯಾಲ್ಸಿಯಂ ಆಕ್ಸೈಡ್, ಮೋಲಾರ್ ರಾಶಿ 56.08. ಒಂದು ಕೆಜಿ ಎಂದರೆ 17.8 ಮೋಲ್. ತಕ್ಕಡಿಯಲ್ಲಿ ಎರಡೂ ಸಮ. ಎಣಿಕೆಯಲ್ಲಿ ಸುಣ್ಣ ನಾಲ್ಕು ಪಟ್ಟಿಗಿಂತ ಜಾಸ್ತಿ. ರಾಸಾಯನಿಕ ಕ್ರಿಯೆ ನಡೆಯುವುದು ಕಣಕ್ಕೆ ಕಣ ಎದುರಾಗಿ, ಕೆಜಿಗೆ ಕೆಜಿ ಎದುರಾಗಿ ಅಲ್ಲ. ಸುಣ್ಣ ಸಾಕಷ್ಟು ಇದ್ದರೆ ಕರಗಿದ ತಾಮ್ರ ಬಿಡಿಯಾಗಿ ಉಳಿದು ಗಿಡವನ್ನು ಸುಡುವುದಿಲ್ಲ. ದ್ರಾವಣಕ್ಕೆ ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡುವ ಹಳೆಯ ಪರೀಕ್ಷೆ ಇದಕ್ಕೇ. ಚೂರಿಗೆ ಕೆಂಪು ಬಣ್ಣ ಹತ್ತಿದರೆ ಬಿಡಿ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಹಾಕಬೇಕು ಎಂದರ್ಥ. ಅಂಗಡಿಯ ಸುಣ್ಣ ಪೂರ್ತಿ ಶುದ್ಧ ಇರುವುದಿಲ್ಲ. ಹಾಗಾಗಿ ಲೆಕ್ಕ ಇದ್ದರೂ ಚೂರಿ ಬಿಡುವಂತಿಲ್ಲ.

ಅನಿಲ ಬಂದರೆ

ಬಸ್ ಸ್ಟ್ಯಾಂಡಿನಿಂದ ಮೂರನೆಯ ದಾರಿಯೂ ಇದೆ, ಲೀಟರ್‌ಗೆ. 0 ಡಿಗ್ರಿ ಸೆಲ್ಸಿಯಸ್, 1 ವಾತಾವರಣ ಒತ್ತಡದಲ್ಲಿ ಒಂದು ಮೋಲ್ ಅನಿಲ ಸುಮಾರು 22.4 ಲೀಟರ್. ಒತ್ತಡ 1 ಬಾರ್ ಎಂದು ಕೊಟ್ಟಿದ್ದರೆ 22.7 ಲೀಟರ್. ಪ್ರಶ್ನೆಯಲ್ಲಿ ಯಾವುದು ಎಂದು ನೋಡಿ. ನೀರಿಗೆ, ಸಕ್ಕರೆಗೆ ಈ ಸಂಖ್ಯೆ ಹಚ್ಚಬೇಡಿ. ಇದು ಅನಿಲಕ್ಕೆ ಮಾತ್ರ.

ಉತ್ತರ ನಂಬುವ ಮೊದಲು

ಮೂರು ಪ್ರಶ್ನೆ ಕೇಳಿಕೊಳ್ಳಿ. ಕೊಟ್ಟ ಗ್ರಾಂ ಮೋಲಾರ್ ರಾಶಿಗಿಂತ ಕಡಿಮೆಯಾ? ಹಾಗಾದರೆ ಮೋಲ್ 1ಕ್ಕಿಂತ ಕಡಿಮೆ ಇರಬೇಕು, ಅಣುಗಳು 6.022 × 10²³ಕ್ಕಿಂತ ಕಡಿಮೆ ಇರಬೇಕು. ಕೈಯಲ್ಲಿ ಹಿಡಿಯುವಷ್ಟು ವಸ್ತುವಿಗೆ 50 ಅಣು ಎಂದು ಬಂತಾ? ಸಾಧ್ಯವಿಲ್ಲ. ಮಿಲಿಗ್ರಾಂನಲ್ಲಿ ಕೊಟ್ಟದ್ದನ್ನು ಗ್ರಾಂ ಮಾಡಿದಿರಾ? ನೋಟ್‌ಬುಕ್ ತಿದ್ದುವಾಗ ನಾನು ಅತಿ ಹೆಚ್ಚು ಕಾಣುವ ತಪ್ಪು ಈ ಕೊನೆಯದೇ.

ನೀವೇ ಮಾಡಿ ನೋಡಿ

ರಕ್ತಹೀನತೆ ತಡೆಯಲು ಶಾಲೆಯಲ್ಲಿ ವಾರಕ್ಕೊಮ್ಮೆ ಹದಿಹರೆಯದ ಮಕ್ಕಳಿಗೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಕಬ್ಬಿಣದ ಪರಮಾಣು ರಾಶಿ 55.85. ಒಂದು ಮಾತ್ರೆಯಲ್ಲಿ ಎಷ್ಟು ಕಬ್ಬಿಣದ ಪರಮಾಣು? ಆ ಕಬ್ಬಿಣ ನೀರಿಲ್ಲದ ಫೆರಸ್ ಸಲ್ಫೇಟ್ ರೂಪದಲ್ಲಿದ್ದರೆ, ಅದರ ಮೋಲಾರ್ ರಾಶಿ 151.9, ಎಷ್ಟು ಮಿಲಿಗ್ರಾಂ ಫೆರಸ್ ಸಲ್ಫೇಟ್ ಬೇಕು?

ಕೆಳಗೆ ನೋಡುವ ಮೊದಲು ಕಾಗದದ ಮೇಲೆ ಮಾಡಿ.

60 ಮಿಲಿಗ್ರಾಂ ಎಂದರೆ 0.060 ಗ್ರಾಂ. 0.060 ÷ 55.85 = 1.074 × 10⁻³ ಮೋಲ್. ಅದನ್ನು 6.022 × 10²³ರಿಂದ ಗುಣಿಸಿದರೆ 6.47 × 10²⁰ ಪರಮಾಣು. ಫೆರಸ್ ಸಲ್ಫೇಟ್‌ನ ಒಂದು ಸೂತ್ರ ಘಟಕದಲ್ಲಿ ಒಂದೇ ಕಬ್ಬಿಣ ಇದೆ. ಆದ್ದರಿಂದ ಅದೂ 1.074 × 10⁻³ ಮೋಲ್. 151.9ರಿಂದ ಗುಣಿಸಿದರೆ 0.163 ಗ್ರಾಂ, ಅಂದರೆ 163 ಮಿಲಿಗ್ರಾಂ.